ಸುದ್ದಿ ಬೇಡ, ಹಾಡು ಹಾಕಿ

‘ಗಿಟಾರ್ ಬಾರಿಸಿದರೆ ಸರ್ಕಾರ ಬೀಳುತ್ತಾ? ಹುಡುಗರ ಮೋಜಿಗೆ ಸುಮ್ನೆ ಹೋರಾಟ ಅಂತ ಹೆಸರಿಟ್ಟಿದ್ದೀರಿ.’ ಕಳೆದ ಸಂಚಿಕೆಯ ರಾಕ್ ರೇಡಿಯೊ ಲೇಖನ ಓದಿದ ಹಾಸನದ ಓದುಗರೊಬ್ಬರು ಹೀಗೆ ಬರೆದಿದ್ದಾರೆ.

ಸಂಪಾದಕರ ಉತ್ತರ:

ಬೀಳಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ಆಗಿನ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡ್‌ನ ಬಿ92 ರೇಡಿಯೊದ ಕಥೆ ಸ್ವಲ್ಪ ಕೇಳಿ.

1989ರ ಮೇ ತಿಂಗಳಲ್ಲಿ ಅದು ಶುರುವಾದಾಗ ಸಿಕ್ಕಿದ್ದ ಅನುಮತಿ ಎರಡೇ ವಾರದ್ದು, ಯುಗೊಸ್ಲಾವಿಯದ ಯುವಜನ ದಿನದ ಸಡಗರಕ್ಕೆ ಅಂತ. ಅವಧಿ ಮುಗಿದರೂ ಹುಡುಗರು ಏಳಲಿಲ್ಲ. ರಾಕ್, ಪಂಕ್ ಹಾಕುತ್ತಾ, ನಡುನಡುವೆ ಸರ್ಕಾರಿ ಟಿವಿ ಹೇಳದ ಸುದ್ದಿ ಹೇಳುತ್ತಾ ಕೂತರು.

1991ರ ಮಾರ್ಚ್ 9ರಂದು ಬೆಲ್‌ಗ್ರೇಡ್‌ನಲ್ಲಿ ಜನ ಬೀದಿಗಿಳಿದರು. ಸರ್ಕಾರಿ ಟಿವಿ ಬರೀ ಯುಗೊಸ್ಲಾವಿಯದೊಳಗಿನ ಗಣರಾಜ್ಯ ಸರ್ಬಿಯದ ಅಧ್ಯಕ್ಷ ಮಿಲೊಶೆವಿಚ್‌ನ ತುತ್ತೂರಿ ಊದುತ್ತಿದೆ ಅನ್ನುವ ಸಿಟ್ಟು. ಇಬ್ಬರು ಸತ್ತರು, ಸಂಜೆಗೆ ಟ್ಯಾಂಕ್‌ಗಳು ಬಂದವು. ಬಿ92ರ ಬಾಯಿ ಮುಚ್ಚಿಸಿದರು. ಮತ್ತೆ ಬಿಟ್ಟಾಗ ಒಂದು ಷರತ್ತು: ಸುದ್ದಿ ಬೇಡ, ಹಾಡು ಮಾತ್ರ ಹಾಕಿ. ಸರಿ, ಹಾಡನ್ನೇ ಹಾಕಿದರು. ಯಾವ ಹಾಡು? ಅಮೆರಿಕದ ರ‍್ಯಾಪ್ ತಂಡ ಪಬ್ಲಿಕ್ ಎನಿಮಿಯ ‘ಫೈಟ್ ದಿ ಪವರ್’, ಅಂದರೆ ಅಧಿಕಾರದ ವಿರುದ್ಧ ಹೋರಾಡು! ಷರತ್ತೂ ಮುರಿಯಲಿಲ್ಲ, ಹೇಳಬೇಕಾದ್ದೂ ಉಳಿಯಲಿಲ್ಲ. ಎರಡು ವರ್ಷ ಅಲ್ಲೇ ಸುದ್ದಿ ಕೇಳಿದ್ದವರಿಗೆ ಈಗ ಈ ಹಾಡು ಯಾಕೆ ಅಂತ ಬಿಡಿಸಿ ಹೇಳಬೇಕಾ? ನಾನು ಬೆಲೆ ಕೊಡುವುದು ಕೇಳುಗರ ಜೊತೆಗಿನ ಈ ನಂಟಿಗೆ, ಗಿಟಾರ್‌ಗಲ್ಲ.

(ನಮ್ಮ ಖಾಸಗಿ ಎಫ್‌ಎಂಗಳೂ ಸ್ವಂತ ಸುದ್ದಿ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯದ್ದನ್ನೇ ಹಾಕಬೇಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ಎಫ್‌ಎಂ ಕೇಳುವ ಎಷ್ಟು ಜನ ಇದನ್ನು ಗಮನಿಸಿದ್ದಾರೋ!)

ನಿಮ್ಮ ಮಾತಿಗೆ ಬಲ ಕೊಡುವ ಸಂಗತಿಯೂ ಇದೆ. 1992ರಲ್ಲಿ, ಯುಗೊಸ್ಲಾವಿಯ ಒಡೆಯುತ್ತಿದ್ದಾಗ, ಯುದ್ಧ ಬೇಡ ಅಂತ ಮೂರು ರಾಕ್ ತಂಡಗಳವರು ಸೇರಿ ರಿಮ್‌ಟುಟಿಟುಕಿ ಅನ್ನುವ ತಂಡ ಕಟ್ಟಿದರು. ಅವರ ಹಾಡನ್ನು ಬಿ92 ಹೊರತಂದಿತು. ಲಾರಿ ಹತ್ತಿ ಹಾಡುತ್ತಾ ಊರು ಸುತ್ತಿದರು. ಅದು ಮಾರ್ಚ್. ಏಪ್ರಿಲ್‌ನಲ್ಲಿ ಪಕ್ಕದ ಬೋಸ್ನಿಯದಲ್ಲಿ ಯುದ್ಧ ಹೊತ್ತಿಕೊಂಡಿತು.

1996ರಲ್ಲಿ ವಿರೋಧ ಪಕ್ಷಗಳು ಸ್ಥಳೀಯ ಚುನಾವಣೆ ಗೆದ್ದವು, ಸರ್ಕಾರ ಫಲಿತಾಂಶವನ್ನೇ ರದ್ದು ಮಾಡಿತು. ಜನ ಆ ಚಳಿಯಲ್ಲಿ ಸುಮಾರು ಮೂರು ತಿಂಗಳು ಬೀದಿಯಲ್ಲಿದ್ದರು. ಸಂಜೆ ಏಳೂವರೆಗೆ ಸರ್ಕಾರಿ ಟಿವಿಯ ವಾರ್ತೆ ಶುರುವಾದರೆ ಕಿಟಕಿಯಲ್ಲಿ ನಿಂತು ಪಾತ್ರೆ ಬಡಿಯುತ್ತಿದ್ದರು, ವಾರ್ತೆ ಯಾರ ಕಿವಿಗೂ ಬೀಳಬಾರದು ಅಂತ. ಡಿಸೆಂಬರ್ 3ರಂದು ಬಿ92 ಮತ್ತೆ ಬಂದ್. ಹುಡುಗರು ಇಂಟರ್‌ನೆಟ್‌ನಲ್ಲಿ ಪ್ರಸಾರ ಶುರುಮಾಡಿದರು. ಆ ಕಾಲದಲ್ಲಿ ಇಂಟರ್‌ನೆಟ್ ಇದ್ದ ಮನೆ ಎಷ್ಟಿದ್ದಾವು? ಆದರೆ ಬಿಬಿಸಿ, ವಾಯ್ಸ್ ಆಫ್ ಅಮೆರಿಕ ಅದನ್ನೆತ್ತಿಕೊಂಡು ಮತ್ತೆ ರೇಡಿಯೊದಲ್ಲೇ ಬಿತ್ತರಿಸಿದವು. ಎರಡು ದಿನಕ್ಕೆ ಬಾಗಿಲು ತೆರೆಯಿತು.

ಮಿಲೊಶೆವಿಚ್ ಬಿದ್ದದ್ದು 2000ದ ಅಕ್ಟೋಬರ್ 5ರಂದು. ಬೀಳಿಸಿದ್ದು ಮತದಾರರು, ವಿದ್ಯಾರ್ಥಿಗಳು, ಗಣಿ ಕೆಲಸಗಾರರು. ರೇಡಿಯೊ ಅಲ್ಲ, ನೀವು ಹೇಳಿದ್ದೇ ಸರಿ. ಆದರೆ ಅವನು ಮಾತ್ರ ಅದನ್ನು ಹುಡುಗರ ಮೋಜು ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದರೆ 1991, 1996, 1999, 2000 ಅಂತ ನಾಲ್ಕು ಸಲ ಬಾಯಿ ಮುಚ್ಚಿಸುವ ತೊಂದರೆ ಯಾಕೆ ತೆಗೆದುಕೊಳ್ಳುತ್ತಿದ್ದ, ಅಲ್ವಾ?