ಲಾರಿಗೆ ‘ಸೆಂಟಿಮೀಟರ್ ಜಿಪಿಎಸ್’ ಹಾಕಿಸಬೇಕೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಸರ್, ನಮ್ಮವು ಎರಡು ಲಾರಿ ಅದಾವ್ರಿ, ಸೇಡಂದಿಂದ ಸೋಲಾಪುರಕ್ಕ ಸಿಮೆಂಟ್ ಹೊಡೀತಾವ. ಇನ್ನ ಮುಂದ ಟೋಲ್ ಸ್ಯಾಟಲೈಟ್‌ದಿಂದ ಕಟ್ ಆಗ್ತದಂತ. ಸರ್ವಿಸ್ ರೋಡಿನ್ಯಾಗ ಹೋದ್ರೂ ಹೈವೇ ಅಂತ ತಿಳದು ರೊಕ್ಕ ಹಿಡೀತಾರ, ಸೆಂಟಿಮೀಟರ್ ಜಿಪಿಎಸ್ ಹಾಕಸ್ರಿ ಅಂತ ಒಬ್ಬಾಂವ ಗಂಟ ಬಿದ್ದಾನ. ಹಾಕಸ್ಲೇನ್ರಿ?
(ಲಾರಿ ಮಾಲೀಕರು, ಕಲಬುರಗಿ)

ಹಾಕಿಸಬೇಡಿ. ಬೀದರ್, ಹುಮನಾಬಾದ್, ಶಹಾಪುರ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬಂದು ಸಾಕಾಗಿದೆ. ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

2024ರ ಸೆಪ್ಟೆಂಬರ್‌ನಲ್ಲಿ ಹೆದ್ದಾರಿ ಶುಲ್ಕದ ನಿಯಮ ತಿದ್ದಿ ಉಪಗ್ರಹದ ಮೂಲಕ ವಸೂಲಿಗೆ ಅವಕಾಶ ಕೊಟ್ಟದ್ದು ನಿಜ. ಆದರೆ 2025ರ ಮೇ 1ರಿಂದ ದೇಶವಿಡೀ ಅದು ಜಾರಿ ಎಂದು ಸುದ್ದಿ ಹಬ್ಬಿದಾಗ, ಅಂಥ ತೀರ್ಮಾನವೇ ಆಗಿಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳಿಕೆ ಕೊಟ್ಟಿತು. ನಿಮ್ಮ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಓದುವುದು ನಾಕಾದ ಮೇಲಿನ ರೇಡಿಯೊ ಯಂತ್ರ. ಅದಕ್ಕೂ ಉಪಗ್ರಹಕ್ಕೂ ಸಂಬಂಧವಿಲ್ಲ. ನಾಳೆ ಉಪಗ್ರಹ ಟೋಲ್ ಬಂದರೂ ಗಾಡಿಯಲ್ಲಿರಬೇಕಾದ್ದು ಸರ್ಕಾರ ಒಪ್ಪಿದ ಪೆಟ್ಟಿಗೆ. ಈತ ಮಾರುವುದನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಈತ ಮಾರುವ ಪೆಟ್ಟಿಗೆಯ ಮಾತು. ಪರದೆಯ ಮೇಲೆ ದಶಾಂಶದ ಮುಂದೆ ಎಂಟು ಅಂಕಿ ತೋರಿಸಿ ‘ನೋಡ್ರಿ, ಎಷ್ಟು ಕರೆಕ್ಟ್’ ಎನ್ನುತ್ತಾರಂತೆ. ಅಕ್ಷಾಂಶದ ಎಂಟನೆಯ ಅಂಕಿ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್! ವೇಬ್ರಿಡ್ಜ್ ಕೆಟ್ಟಿದ್ದರೂ ಅದರ ಪರದೆಯಲ್ಲಿ ಅಂಕಿ ಬರುವುದು ನಿಲ್ಲುವುದಿಲ್ಲ, ಇದೂ ಹಾಗೆಯೇ. ಬಯಲಿನಲ್ಲಿ ನಿಂತ ಸಾಮಾನ್ಯ ಟ್ರ್ಯಾಕರ್ ಮೂರರಿಂದ ಐದು ಮೀಟರ್ ಆಚೀಚೆ ಹೇಳುತ್ತದೆ. ‘ಗಾಡಿ ನಿಂತಾಗ ಚುಕ್ಕೆ ಅಲುಗಾಡುವುದೇ ಇಲ್ಲ’ ಎಂದು ಇನ್ನೊಬ್ಬರು ಬರೆದಿದ್ದಾರೆ. ಇಂಜಿನ್ ಬಂದ್ ಮಾಡಿದ ಕೂಡಲೇ ಕೊನೆಯ ಜಾಗವನ್ನೇ ಹಿಡಿದಿಟ್ಟುಕೊಳ್ಳುವಂತೆ ಬಹಳಷ್ಟು ಅಗ್ಗದ ಪೆಟ್ಟಿಗೆಗಳನ್ನು ಮಾಡಿರುತ್ತಾರೆ. ಅದು ನಿಖರತೆ ಅಲ್ಲ, ಮುಚ್ಚಿಟ್ಟ ತಪ್ಪು.

ನಿಜವಾದ ಸೆಂಟಿಮೀಟರ್ ಬೇಕಾದರೆ ರಿಸೀವರ್ ಉಪಗ್ರಹದ ಸಂಕೇತವನ್ನು ಓದಿದರಷ್ಟೇ ಸಾಲದು, ಅದನ್ನು ಹೊತ್ತು ತರುವ ಅಲೆಯನ್ನೇ ಅಳೆಯಬೇಕು. ಜಿಪಿಎಸ್‌ನ ಎಲ್1 ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಉಪಗ್ರಹದಿಂದ ನಿಮ್ಮವರೆಗೆ ಇಡೀ ಅಲೆಗಳು ಎಷ್ಟು ಎಂಬುದನ್ನು ಲೆಕ್ಕ ಹಾಕಿ ಬಿಡಿಸಬೇಕು. ಅದಕ್ಕೆ ಜಾಗ ನಿಖರವಾಗಿ ಗೊತ್ತಿರುವ, ನೆಲದ ಮೇಲಿನ ಇನ್ನೊಂದು ರಿಸೀವರ್ ‘ಇಲ್ಲಿ ಇಷ್ಟು ತಪ್ಪು ಬರುತ್ತಿದೆ’ ಎಂಬ ತಿದ್ದುಪಡಿಯನ್ನು ಕ್ಷಣಕ್ಷಣಕ್ಕೂ ಕಳಿಸುತ್ತಿರಬೇಕು. ಇದೇ ಆರ್‌ಟಿಕೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಇಂಥ ಕಾಯಂ ಕೇಂದ್ರಗಳ ಜಾಲವನ್ನು ಕರ್ನಾಟಕದಲ್ಲೂ ಹಾಕಿದೆ, ಜಮೀನು ಅಳತೆಯವರು ಬಳಸುತ್ತಾರೆ. ತಿದ್ದುಪಡಿ ಬರುವುದು ಇಂಟರ್ನೆಟ್ ಮೇಲೆ. ನೆಟ್‌ವರ್ಕ್ ಹೋಯಿತೋ, ಸೆಂಟಿಮೀಟರೂ ಹೋಯಿತು. ಮೇಲ್ಸೇತುವೆಯ ಕೆಳಗೆ ನುಗ್ಗಿದಿರೋ, ಅಲೆಯ ಲೆಕ್ಕ ಕಡಿದು ಮತ್ತೆ ಮೊದಲಿನಿಂದ. ಮೇಲಾಗಿ ಭೂಕಾಂತೀಯ ವಿಷುವದ್ರೇಖೆ ಹಾದುಹೋಗುವುದು ನಮ್ಮ ದಕ್ಷಿಣದ ತುದಿಯಲ್ಲೇ. ಹೀಗಾಗಿ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೊತ್ತು ಮುಳುಗಿದ ಮೇಲೆ ಅಯಾನುಗೋಳ (ಸಂಕೇತ ಹಾದುಬರುವ, ವಿದ್ಯುತ್ ಕಣಗಳ ಮೇಲಿನ ಪದರ) ಕದಡಿ ಒಳ್ಳೆಯ ರಿಸೀವರ್‌ಗಳೂ ತಡವರಿಸುತ್ತವೆ. ಆ ಹೊತ್ತಿನ ಅಳತೆಯನ್ನು ನಾನಂತೂ ನಂಬುವುದಿಲ್ಲ, ಮರುದಿನ ಬೆಳಿಗ್ಗೆ ಮತ್ತೆ ತೆಗೆಸುತ್ತೇನೆ.

ಇಷ್ಟೆಲ್ಲ ದಕ್ಕಿತು ಎಂದೇ ಇಟ್ಟುಕೊಳ್ಳಿ. ನಿಮ್ಮ ಚುಕ್ಕೆ ಸೆಂಟಿಮೀಟರ್‌ನಷ್ಟು ಸರಿ. ಆದರೆ ಅದು ಕೂರುವ ನಕ್ಷೆಯ ಗೆರೆ? ಉಪಗ್ರಹ ಚಿತ್ರದ ಮೇಲೆ ಕೈಯಿಂದ ಎಳೆದ ರಸ್ತೆ ಎರಡು-ಮೂರು ಮೀಟರ್ ಸರಿದಿದ್ದರೆ ಸರ್ವಿಸ್ ರಸ್ತೆಯೇ ಹೆದ್ದಾರಿಯಾಗಿ ಕಾಣುತ್ತದೆ, ಅದಕ್ಕೆ ನಿಮ್ಮ ಪೆಟ್ಟಿಗೆ ಏನೂ ಮಾಡಲಾರದು. ಲೆಕ್ಕ ಸರಿಯಾಗಿ ಬರೆದ ತಂತ್ರಾಂಶ ಒಂದೇ ಚುಕ್ಕೆ ನೋಡಿ ತೀರ್ಮಾನಿಸುವುದಿಲ್ಲ. ಗಾಡಿ ಎಲ್ಲಿ ಇಳಿಯಿತು, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಯಿತು, ಎಲ್ಲಿ ಮತ್ತೆ ಹತ್ತಿತು ಎಂದು ಸಾಲು ಚುಕ್ಕೆಗಳನ್ನು ನೋಡುತ್ತದೆ. ಡೀಸೆಲ್ ಕಳವು, ಚಾಲಕ ಎಲ್ಲಿ ನಿಂತ ಎಂಬುದಕ್ಕೆಲ್ಲ ಐದು ಮೀಟರ್ ಧಾರಾಳವಾಯಿತು.

ಆದರೂ ಆ ಮನುಷ್ಯ ಬಿಡದಿದ್ದರೆ ಎರಡೇ ಮಾತು ಕೇಳಿ: ತಿದ್ದುಪಡಿ ಎಲ್ಲಿಂದ ಬರುತ್ತದೆ? ವರ್ಷಕ್ಕೆ ಅದರ ಚಂದಾ ಎಷ್ಟು? ‘ಸ್ಯಾಟಲೈಟಿಂದ ಡೈರೆಕ್ಟ್, ಫ್ರೀ’ ಎಂದರೆ ಚಹಾ ಕುಡಿಸಿ ಕಳಿಸಿ. ಯುರೋಪಿನ ಗೆಲಿಲಿಯೊ ಉಪಗ್ರಹ ವ್ಯವಸ್ಥೆ 2023ರಿಂದ ಅಂಥ ಉಚಿತ ಸೇವೆ ಕೊಡುತ್ತಿದೆ. ಆದರೆ ಅದರ ಗುರಿ 20 ಸೆಂಟಿಮೀಟರ್ ಆಸುಪಾಸು, ಬೇರೆಯದೇ ರಿಸೀವರ್ ಬೇಕು, ನಿಖರತೆ ಕೂಡಿಬರಲು ನಿಮಿಷಗಟ್ಟಲೆ ಕಾಯಬೇಕು.

ಪ್ರಶ್ನೆ: ಮೊಬೈಲ್ ಡೇಟಾ ಬಂದ್ ಇದ್ದರೆ ಜಿಪಿಎಸ್ ನಡೆಯುತ್ತದೆಯೇ? (ಯಾದಗಿರಿ)

ನಡೆಯುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಪ್ರಶ್ನೆ: ಉಪಗ್ರಹ ನಮ್ಮ ಗಾಡಿಯನ್ನು ಮೇಲಿನಿಂದ ನೋಡುತ್ತಿರುತ್ತದೆಯೇ? (ಸುರಪುರ)

ಇಲ್ಲ. ಅದು ಸಮಯ ಮತ್ತು ತನ್ನ ಜಾಗವನ್ನು ಸಾರುತ್ತದೆ, ಅಷ್ಟೇ. ನಿಮ್ಮ ಸುದ್ದಿ ಹೊರಗೆ ಹೋಗುವುದು ಟ್ರ್ಯಾಕರ್‌ನಲ್ಲಿರುವ ಸಿಮ್‌ನಿಂದ.

ಪ್ರಶ್ನೆ: ಕಲಬುರಗಿ–ಬೀದರ್ ರೈಲಿನಲ್ಲಿ ಮರಗುತ್ತಿ ಸುರಂಗ ಹೊಕ್ಕರೆ ಫೋನ್ ಜಾಗ ತಪ್ಪುತ್ತದೆ. ರೈಲಿಗೆ ಅಪಾಯವಿಲ್ಲವೇ? (ಕಮಲಾಪುರ)

ನಿಮ್ಮ ಫೋನ್ ರೈಲು ಓಡಿಸುವುದಿಲ್ಲ. ಜೋಡಿ ಹಳಿಗಳ ನಡುವಿನ ಅಂತರ ಐದು ಮೀಟರ್ ಚಿಲ್ಲರೆ, ಸಾಮಾನ್ಯ ಜಿಪಿಎಸ್‌ನ ತಪ್ಪೂ ಅಷ್ಟೇ. ಅದಕ್ಕೇ ರೈಲುಗಳ ಡಿಕ್ಕಿ ತಪ್ಪಿಸುವ ‘ಕವಚ’ ವ್ಯವಸ್ಥೆ ರೈಲಿನ ಜಾಗ ತಿಳಿಯಲು ಹಳಿಯ ನಡುವೆ ಕೂರಿಸಿದ ರೇಡಿಯೊ ಟ್ಯಾಗ್‌ಗಳನ್ನು ಓದುತ್ತದೆ.

ಪ್ರಶ್ನೆ: ಜಿಪಿಎಸ್ ಶಕ್ತಿ ಹೆಚ್ಚಿಸುವ ಸ್ಟಿಕ್ಕರ್ ಸಿಗುತ್ತದಂತೆ? (ಭಾಲ್ಕಿ)

ಸಿಗುತ್ತದೆ. ಅಂಟುತ್ತದೆ ಕೂಡ.

ಪ್ರಶ್ನೆ: ಚಾಲಕ ಸಿಗರೇಟ್ ಲೈಟರ್ ಸಾಕೆಟ್‌ಗೆ ಏನೋ ಚುಚ್ಚಿದರೆ ಟ್ರ್ಯಾಕರ್ ಸತ್ತುಹೋಗುತ್ತದೆ. (ಚಿತ್ತಾಪುರ)

ಜಾಮರ್ ಇರಬೇಕು. ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ, ಅಕ್ಕಪಕ್ಕದ ಗಾಡಿಗಳ ಜಿಪಿಎಸ್ಸನ್ನೂ ಕೆಡಿಸುತ್ತದೆ. ಇವತ್ತೇ ಕಿತ್ತು ತೆಗೆಸಿ. ಚಾಲಕನನ್ನು ಬೈಯುವ ಮುನ್ನ ಅವನ ಭತ್ಯೆ ಎಷ್ಟು ತಿಂಗಳಿಂದ ಬಾಕಿ ಇದೆ ಎಂದೂ ನೋಡಿಕೊಳ್ಳಿ.