ಮೋಟರ್‌ಹೋಮ್ ಕೊಳ್ಳುವಾಗ ಅದರೊಳಗಿನ ಟಿವಿಯ ಬಗ್ಗೆ ಏನೇನು ತಿಳಿದಿರಬೇಕು?

ಟೆಂಪೊ ಟ್ರಾವೆಲರಿನ ಮೇಲೆ ಕಟ್ಟಿದ, ಈಗಾಗಲೇ ಬಳಸಿರುವ ಒಂದು ಮೋಟರ್‌ಹೋಮನ್ನು ಬೆಂಗಳೂರಿನಲ್ಲಿ ನೋಡಿಟ್ಟಿದ್ದೀರಿ. ಮಾರುವವರ ಪಟ್ಟಿಯಲ್ಲಿರುವ ‘32 ಇಂಚಿನ ಸ್ಮಾರ್ಟ್ ಎಲ್‌ಇಡಿ, ಸ್ಯಾಟಲೈಟ್ ರೆಡಿ, 12 ವೋಲ್ಟ್ ಸಂಪರ್ಕ’ ಎಂಬ ಮಾತುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದು ನಿಮ್ಮ ಪ್ರಶ್ನೆ. ನಿಮ್ಮ ತಂದೆತಾಯಿ ಸಂಜೆಯ ವಾರ್ತೆಯನ್ನೂ ಧಾರಾವಾಹಿಯನ್ನೂ ತಪ್ಪಿಸುವವರಲ್ಲ ಎಂದೂ ಬರೆದಿದ್ದೀರಿ. ಅಂಥದೇ ಒಂದು ಗಾಡಿಯನ್ನು ನಾಲ್ಕು ವರ್ಷಗಳಿಂದ ಇಟ್ಟುಕೊಂಡಿರುವವನಾಗಿ ನಾನು ಹೇಳುವುದಿಷ್ಟು: ಟಿವಿಯ ಮುಂಭಾಗವನ್ನು ನೋಡುವ ಮೊದಲು ಅದರ ಬೆನ್ನಿಗೆ ಬರುವ ಎರಡು ವೈರುಗಳನ್ನು ನೋಡಿ, ಒಂದು ಕರೆಂಟಿನದು, ಇನ್ನೊಂದು ಸಿಗ್ನಲ್ಲಿನದು. ಪರದೆ ಕೆಟ್ಟರೆ ಎಸ್.ಪಿ. ರಸ್ತೆಗೆ ಹೋಗಿ ಅರ್ಧ ದಿನದಲ್ಲಿ ಬೇರೆಯದನ್ನು ತರಬಹುದು. ಪ್ಲೈವುಡ್ ಗೋಡೆಯ ಹಿಂದೆ ಎಳೆದಿರುವ ವೈರು ಸರಿಯಿಲ್ಲದಿದ್ದರೆ ಗಾಡಿಯ ಒಳಾಂಗಣವನ್ನೇ ಬಿಚ್ಚಬೇಕಾಗುತ್ತದೆ.

‘12 ವೋಲ್ಟ್ ಸಂಪರ್ಕ’ ಎಂಬ ಮಾತಿಗೆ ಎರಡು ಅರ್ಥಗಳಿರಬಹುದು. ಟಿವಿಯೇ 12 ವೋಲ್ಟ್ ಡಿಸಿಯಲ್ಲಿ, ಅಂದರೆ ಬ್ಯಾಟರಿ ಕೊಡುವ ನೇರ ವಿದ್ಯುತ್ತಿನಲ್ಲಿ, ನಡೆಯುವಂಥದ್ದಾಗಿರಬಹುದು, ಇಲ್ಲವೇ ಮನೆಗೆ ಕೊಳ್ಳುವ ಸಾಮಾನ್ಯ 230 ವೋಲ್ಟಿನ ಟಿವಿಯನ್ನು ತಂದು ಬ್ಯಾಟರಿಗೆ ಇನ್ವರ್ಟರ್ ಸೇರಿಸಿ ನಡೆಸುತ್ತಿರಬಹುದು. ಎರಡನೆಯ ಕ್ರಮ ತಪ್ಪೇನಲ್ಲ, ಆದರೆ ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಟಿವಿಯೊಳಗೆ ಮತ್ತೆ ಅದನ್ನೇ ಇಳಿಸುವ ಈ ಸುತ್ತುಬಳಸಿನಲ್ಲಿ ಒಂದಷ್ಟು ವಿದ್ಯುತ್ತು ಬಿಸಿಯಾಗಿ ಹೋಗುತ್ತದೆ. ಎಸಿಗಾಗಿಯೋ ಮಿಕ್ಸಿಗಾಗಿಯೋ ಹಾಕಿದ 2 ಕಿಲೋವ್ಯಾಟ್ ಇನ್ವರ್ಟರಿನಲ್ಲೇ ಟಿವಿಯನ್ನೂ ನಡೆಸಿದರೆ, ಆ ಇನ್ವರ್ಟರ್ ತಾನು ಎಚ್ಚರವಾಗಿರುವುದಕ್ಕೇ ಸುಮಾರು 20 ವ್ಯಾಟ್ ತಿನ್ನುವುದುಂಟು.

ಲೆಕ್ಕ ಹೀಗಿದೆ. 32 ಇಂಚಿನ ಎಲ್‌ಇಡಿ ಟಿವಿಗೆ ಸುಮಾರು 40 ವ್ಯಾಟ್, ಸೆಟ್ ಟಾಪ್ ಬಾಕ್ಸಿಗೆ 12 ವ್ಯಾಟ್ ಎಂದಿಟ್ಟುಕೊಂಡರೆ, ಸಂಜೆ ಐದು ಗಂಟೆ ನೋಡಿದಾಗ 260 ವ್ಯಾಟ್-ಗಂಟೆ ಖರ್ಚಾಗುತ್ತದೆ. ಇನ್ವರ್ಟರಿನ ಪಾಲು ಸೇರಿದರೆ ಅದು 400ರ ಹತ್ತಿರಕ್ಕೆ ಹೋಗಬಹುದು. 100 ಎಎಚ್‌ನ (ಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ) ಒಂದು ಲೆಡ್ ಆಸಿಡ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1200 ವ್ಯಾಟ್-ಗಂಟೆ ಇದ್ದರೂ, ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು. ಅಂದರೆ ಫ್ರಿಜ್, ಫ್ಯಾನ್, ನೀರಿನ ಪಂಪು ಎಲ್ಲಕ್ಕೂ ಉಳಿಯುವುದು 200 ಮಾತ್ರ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಶೇ. 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಆದ್ದರಿಂದ ಪಟ್ಟಿಯಲ್ಲಿ ಟಿವಿಯ ಇಂಚಿಗಿಂತ ಬ್ಯಾಟರಿ ಯಾವ ಬಗೆಯದು, ಎಷ್ಟು ಎಎಚ್, ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿಯಿಂದ ಬೇರೆಯಾಗಿದೆಯೇ ಎಂಬುದನ್ನು ಮೊದಲು ಕೇಳಿ. ಸ್ಟಾರ್ಟಿಂಗ್ ಬ್ಯಾಟರಿಯ ಮೇಲೇ ಧಾರಾವಾಹಿ ನೋಡಿದವರು ಬೆಳಿಗ್ಗೆ ಗಾಡಿಯನ್ನು ತಳ್ಳಿಸಬೇಕಾಗುತ್ತದೆ.

ಟಿವಿ ನೇರವಾಗಿ 12 ವೋಲ್ಟಿನಲ್ಲೇ ನಡೆಯುವಂಥದ್ದಾದರೆ ಇನ್ನೊಂದು ಎಚ್ಚರ ಬೇಕು. ಗಾಡಿಯಲ್ಲಿ 12 ಎಂಬುದು ಹೆಸರಿಗಷ್ಟೇ: ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಿದರೆ, ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 14ರ ಆಚೆಗೆ ಏರಿಸುತ್ತದೆ, ಬರಿದಾಗುತ್ತ ಬಂದಾಗ ಅದು 11ರ ಕಡೆಗೆ ಇಳಿಯುತ್ತದೆ. ನನ್ನ ಗಾಡಿ ಕಟ್ಟಿಕೊಟ್ಟ ವರ್ಕ್‌ಶಾಪಿನವರು ಅಡಾಪ್ಟರಿನಲ್ಲಿ ನಡೆಯುತ್ತಿದ್ದ ಒಂದು 24 ಇಂಚಿನ ಟಿವಿಯನ್ನು, ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದು ಬರೆದಿದೆಯಲ್ಲ ಎಂಬ ಧೈರ್ಯದ ಮೇಲೆ ನೇರವಾಗಿ ಬ್ಯಾಟರಿಗೆ ಜೋಡಿಸಿದ್ದರು. ಮೊದಲ ಪ್ರಯಾಣದಲ್ಲೇ, ಸಕಲೇಶಪುರ ದಾಟುವ ಹೊತ್ತಿಗೆ, ಸುಟ್ಟ ವಾಸನೆ ಬಂದು ಟಿವಿ ಕಣ್ಣು ಮುಚ್ಚಿತು. ನಡುವೆ ಸ್ಥಿರವಾದ 12 ವೋಲ್ಟ್ ಕೊಡುವ ಒಂದು ಡಿಸಿ-ಡಿಸಿ ಕನ್ವರ್ಟರನ್ನೂ ಒಂದು ಫ್ಯೂಸನ್ನೂ ಹಾಕಿದ್ದರೆ ಅದು ಉಳಿಯುತ್ತಿತ್ತು. ಎರಡನೆಯ ಟಿವಿಗೆ ಜೆ.ಸಿ. ರಸ್ತೆಯಲ್ಲಿ ನಾನೇ ನಿಂತು ಹಾಕಿಸಿದೆ. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ದೊಡ್ಡ ಕ್ಯಾರವಾನ್‌ಗಳಲ್ಲಿ ಗಾಡಿಯ ವಿದ್ಯುತ್ ವ್ಯವಸ್ಥೆಯೇ 24 ವೋಲ್ಟಿನದಾಗಿರುವುದರಿಂದ ಅಲ್ಲಿ ಈ ಕನ್ವರ್ಟರ್ ಇಲ್ಲದೆ ಆಗುವುದೇ ಇಲ್ಲ. ಇನ್ವರ್ಟರ್ ಬಳಸುವುದಾದರೆ ಅದು ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು, ಆಗಿರಲಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟಿವಿಯ ಸ್ಪೀಕರು ಗುಂಯ್‌ಗುಡುತ್ತದೆ, ಪವರ್ ಬೋರ್ಡಿನ ಆಯುಸ್ಸೂ ಕಡಿಮೆಯಾಗುತ್ತದೆ.

ಈಗ ಸಿಗ್ನಲ್ಲಿನ ವೈರು. ‘ಸ್ಯಾಟಲೈಟ್ ರೆಡಿ’ ಎಂದರೆ ಬಹುತೇಕ ಗಾಡಿಗಳಲ್ಲಿ ಛಾವಣಿಯಿಂದ ಟಿವಿಯವರೆಗೆ ಒಂದು ಕೇಬಲ್ ಎಳೆದಿದ್ದಾರೆ ಎಂದಷ್ಟೇ ಅರ್ಥ. ಡಿಶ್ಶೂ ಬಾಕ್ಸೂ ನಿಮ್ಮ ಖರ್ಚು. ಯೂಟ್ಯೂಬಿನಲ್ಲಿ ವಿದೇಶಿ ಮೋಟರ್‌ಹೋಮ್‌ಗಳನ್ನು ನೋಡಿ, ತಾನೇ ಉಪಗ್ರಹವನ್ನು ಹುಡುಕಿಕೊಳ್ಳುವ ಗುಮ್ಮಟದಂಥ ಆಂಟೆನಾವನ್ನು ತರಿಸಲು ಹೊರಡುವವರಿಗೆ ನಾನು ಹೇಳುವ ಮಾತೊಂದಿದೆ. ಬ್ರಿಟನ್ನಿನವರ ಡಿಶ್‌ಗಳು ನೋಡುವುದು 28.2 ಡಿಗ್ರಿ ಪೂರ್ವದಲ್ಲಿರುವ ಆಸ್ಟ್ರಾ ಉಪಗ್ರಹಗಳನ್ನು, ಲಂಡನ್ನಿನಲ್ಲಿ ಅವು ದಿಗಂತದಿಂದ ಸುಮಾರು 25 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತವೆ. ನಮ್ಮ ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಬೆಂಗಳೂರಿನಲ್ಲಿ ನಿಂತು ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಹೊರದೇಶದ ಆಂಟೆನಾ ಅಷ್ಟು ಕತ್ತೆತ್ತಬಲ್ಲದೇ, ಅದರ ನೆನಪಿನಲ್ಲಿ ನಮ್ಮ ಉಪಗ್ರಹದ ಹೆಸರಿದೆಯೇ ಎಂಬೆರಡನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳದೆ ಹಣ ಕಟ್ಟಬೇಡಿ. ಸಾಮಾನ್ಯ 60 ಸೆಂಟಿಮೀಟರಿನ ಡಿಶ್ಶನ್ನು ಒಂದು ಟ್ರೈಪಾಡಿಗೆ ಬಿಗಿದು, ಗಾಡಿ ನಿಂತ ಮೇಲೆ ಹೊರಗಿಟ್ಟುಕೊಳ್ಳುವುದೇ ನನ್ನ ಕ್ರಮ. ಗಾಡಿಯನ್ನು ನೆರಳಿಗೆ ನಿಲ್ಲಿಸಿ ಡಿಶ್ಶನ್ನು ಮಾತ್ರ ಬಯಲಿಗೆ ಒಯ್ಯಬಹುದು ಎಂಬ ಅನುಕೂಲವೂ ಇದಕ್ಕಿದೆ. ಕೊಡಗಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳ ಕೆಳಗೆ ನಿಂತವರಿಗೆ ಇದರ ಬೆಲೆ ಗೊತ್ತು. ದಿಕ್ಕು ನೋಡಲು ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಗಾಡಿಯ ಕಬ್ಬಿಣ ಅದನ್ನು ದಾರಿ ತಪ್ಪಿಸುವುದರಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ.

ದೂರದ ಪ್ರವಾಸದಲ್ಲಿ ಇನ್ನೊಂದು ತೊಡಕಿದೆ. ಇದೇ ಉಪಗ್ರಹ ಲೇಹ್‌ನಲ್ಲಿ ಸುಮಾರು 47 ಡಿಗ್ರಿಗೆ ಇಳಿದಿರುತ್ತದೆ, ಅಲ್ಲದೆ ಡಿಶ್ಶಿನ ಮುಂದಿರುವ ಎಲ್‌ಎನ್‌ಬಿಯನ್ನು (ಸಿಗ್ನಲ್ಲನ್ನು ಹಿಡಿದು ಕೇಬಲ್ಲಿಗೆ ಕೊಡುವ ಸಣ್ಣ ಸಾಧನ) ಬೆಂಗಳೂರಿನಲ್ಲಿದ್ದ ಸ್ಥಾನದಿಂದ ಅದರ ಹಿಡಿಕೆಯಲ್ಲೇ 30 ಡಿಗ್ರಿಯಷ್ಟು ತಿರುಗಿಸಬೇಕಾಗುತ್ತದೆ. ಡಿಶ್ಶಿನ ಎತ್ತರವನ್ನು ಸರಿಪಡಿಸಿದವರೂ ಇದನ್ನು ಮರೆತು, ಅರ್ಧ ಚಾನೆಲ್‌ಗಳು ಮಾತ್ರ ಬರುತ್ತಿವೆ ಎಂದು ಬಾಕ್ಸನ್ನು ಬೈಯುತ್ತಾರೆ. ಫ್ರೀ ಡಿಶ್ಶಿಗೆ ತಿಂಗಳ ಬಾಡಿಗೆಯಿಲ್ಲ, ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಆದರೆ ಖಾಸಗಿ ಕನ್ನಡ ಧಾರಾವಾಹಿಗಳೇ ಬೇಕೆಂದರೆ ಹಣ ಕಟ್ಟುವ ಡಿಟಿಎಚ್ ಬಾಕ್ಸ್ ಬೇಕು, ಕಂಪನಿಗೆ ತಕ್ಕಂತೆ ಅದರ ಉಪಗ್ರಹವೂ ದಿಕ್ಕೂ ಬೇರೆಯಾಗಿರಬಹುದು. ಇವೆಲ್ಲವೂ ಕೆಯು ಬ್ಯಾಂಡ್ ಎಂಬ, ಮಳೆಹನಿಗೆ ಕುಂದುವ ಮೈಕ್ರೋವೇವ್ ತರಂಗಗಳಲ್ಲಿ ಬರುವುದರಿಂದ ಜೋರು ಮಳೆಗೆ ಚಿತ್ರ ಒಡೆದುಹೋಗುತ್ತದೆ. ಆಗುಂಬೆಯ ಕಡೆ ಆಷಾಢದಲ್ಲಿ ನಿಂತರೆ ಚಿತ್ರವೂ ಇಲ್ಲ, ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತೂ ಕೇಳುವುದಿಲ್ಲ.

‘ಸ್ಮಾರ್ಟ್’ ಎಂಬ ಪದಕ್ಕೆ ನೀವು ಹೆಚ್ಚು ಹಣ ಕೊಡಬೇಕಿಲ್ಲ. ಸಾಮಾನ್ಯ ಟಿವಿಗೂ ಇಂಟರ್ನೆಟ್ಟಿನ ವಿಡಿಯೊ ತೋರಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಅದು ಸ್ಮಾರ್ಟ್ ಆಗುತ್ತದೆ. ಎಚ್‌ಡಿ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ಡೇಟಾ ಎಳೆಯುವುದರಿಂದ ದಿನಕ್ಕೆ 2 ಜಿಬಿಯ ಪ್ಲಾನ್ ವಾರ್ತೆ ಮುಗಿಯುವುದರೊಳಗೆ ಮುಗಿದಿರುತ್ತದೆ. ಗಾಡಿಯ ತಗಡಿನ ಮೈ ಮೊಬೈಲ್ ಸಿಗ್ನಲ್ಲನ್ನು ತಡೆಯುತ್ತದೆ, ಹೀಗಾಗಿ ಛಾವಣಿಯ ಮೇಲೆ ಆಂಟೆನಾ ಇರುವ, ಎರಡು ಸಿಮ್ ಹಿಡಿಯುವ 4ಜಿ ಅಥವಾ 5ಜಿ ರೂಟರ್ ಇದ್ದರೆ ಅದು ನಿಜವಾದ ಅನುಕೂಲ. ಹಾಗಿದ್ದರೂ ಹಿರಿಯರಿಗಾಗಿ ನಾನು ಡಿಶ್ಶನ್ನು ಬಿಡಲಾರೆ.

ಪರದೆಯ ವಿಷಯ ಬೇಗ ಮುಗಿಯುತ್ತದೆ. ಐದಾರು ಅಡಿ ದೂರದಿಂದ ನೋಡುವ 32 ಇಂಚಿಗೆ 4ಕೆ ಬೇಕಾಗಿಲ್ಲ. ಹಾಸಿಗೆಯಿಂದ ಒಬ್ಬರು, ಅಡುಗೆ ಕಟ್ಟೆಯ ಕಡೆಯಿಂದ ಇನ್ನೊಬ್ಬರು ಓರೆಯಾಗಿ ನೋಡುವುದರಿಂದ ಐಪಿಎಸ್ ಎಂಬ ಬಗೆಯ ಪರದೆ ಇದ್ದರೆ ಬಣ್ಣ ಮಾಸಿದಂತೆ ಕಾಣುವುದಿಲ್ಲ. ಗೋಡೆಯ ಬ್ರಾಕೆಟ್ಟಿಗೆ ಓಡುವಾಗ ಬಿಗಿಯುವ ಲಾಕ್ ಇರಲಿ, ಅದರ ಸ್ಕ್ರೂಗಳು ಪ್ಲೈವುಡ್ಡಿಗೆ ಮಾತ್ರವಲ್ಲದೆ ಹಿಂದಿನ ಕಬ್ಬಿಣದ ಚೌಕಟ್ಟಿಗೂ ಹಿಡಿದಿರಲಿ, ಚಾಲಕರ ಸೀಟಿನಿಂದ ಪರದೆ ಕಾಣದಂತಿರಲಿ.

ಗಾಡಿ ನೋಡಲು ಹೋಗುವಾಗ ಒಂದು ಮಲ್ಟಿಮೀಟರ್ ಒಯ್ಯಿರಿ. ಎಂಜಿನ್ ನಿಲ್ಲಿಸಿ, ಹೊರಗಿನ ಕರೆಂಟನ್ನೂ ತೆಗೆಸಿ, ಎರಡು ಗಂಟೆ ಟಿವಿ ಓಡಿಸಲು ಕೇಳಿ. ಮೊದಲೂ ಕೊನೆಗೂ ಬ್ಯಾಟರಿಯ ವೋಲ್ಟನ್ನು ಬರೆದುಕೊಳ್ಳಿ, ಇನ್ವರ್ಟರನ್ನೂ ವೈರನ್ನೂ ಕೈಯಿಂದ ಮುಟ್ಟಿ ಎಷ್ಟು ಬಿಸಿಯಾಗಿದೆ ನೋಡಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಗಾಡಿಯನ್ನು ಬಿಡಬೇಕೆಂದೇನಿಲ್ಲ, ಟಿವಿಯ ಬೆಲೆಯ ಜೊತೆಗೆ ಹೊಸ ಬ್ಯಾಟರಿಯ ಬೆಲೆಯನ್ನೂ ಅವರು ಹೇಳಿದ ಮೊತ್ತದಿಂದ ಕಳೆದು ಚೌಕಾಸಿಗೆ ಕೂತುಕೊಳ್ಳಿ.