ಚೆನ್ನಾಗಿ ಮಾತಾಡುವ ಹುಡುಗನಿಗೆ ಹಿರಿಯರು ಕಲಿಸಬೇಕಾದದ್ದೇನು?

ಪ್ರಶ್ನೆ: ನಾನು ಕ್ರೈಸ್ತ ಸಭೆಯೊಂದರ ಹಿರಿಯ, ವೃತ್ತಿಯಲ್ಲಿ ಕೃಷಿಕ. ನಮ್ಮ ಯುವಜನ ಸಂಘದಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ 17 ವರ್ಷದ ಹುಡುಗನಿದ್ದಾನೆ. ಅವನು ದೇವರ ವಾಕ್ಯ ಹೇಳಲು ನಿಂತರೆ ದೊಡ್ಡವರೂ ತಲೆದೂಗುತ್ತಾರೆ. ಭಾನುವಾರದ ಪ್ರಸಂಗವನ್ನೇ ಕೊಡಿ ಎಂದು ಕೆಲವರ ಒತ್ತಾಯ. ಸಭಾಪಾಲಕರು ಅವನ ಹೊಣೆಯನ್ನು ನನಗೆ ವಹಿಸಿದ್ದಾರೆ. ಅವನಷ್ಟು ಮಾತು ನನಗೆ ಬಾರದು. ಏನು ಕಲಿಸಲಿ?

ಉತ್ತರ: ಮಾತು ಅವನಿಗಿದೆ, ಅದನ್ನು ನೀವು ಕಲಿಸಬೇಕಿಲ್ಲ. ಸತ್ಯವೇದದಲ್ಲಿ, ಎಫೆಸ ಪಟ್ಟಣಕ್ಕೆ ಬಂದ ಬೋಧಕ ಅಪೊಲ್ಲೋಸನೂ ವಾಕ್ಚತುರ, ಶಾಸ್ತ್ರ ಬಲ್ಲವನು. ಆದರೆ ಯೇಸುವಿಗೆ ದಾರಿ ಸಿದ್ಧಮಾಡಿದ ಯೋಹಾನನ ದೀಕ್ಷಾಸ್ನಾನದಿಂದಾಚೆಗೆ ಅವನಿಗೆ ತಿಳಿದಿರಲಿಲ್ಲ. ಅವನಿಗೆ ತಿಳಿಹೇಳಿದವರು ಗುಡಾರ ಮಾಡಿ ಬದುಕುತ್ತಿದ್ದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ (ಅಪೊಸ್ತಲರ ಕೃತ್ಯಗಳು 18). ಸಭಾಮಂದಿರದಲ್ಲಿ ಎದ್ದುನಿಂತು ತಪ್ಪು ಹಿಡಿಯದೆ, ತಮ್ಮ ಬಳಿಗೆ ಕರೆದುಕೊಂಡು ಹೋಗಿ ವಿವರಿಸಿದರು. ನಿಮ್ಮಿಂದ ಆಗಬೇಕಾದದ್ದೂ ಅದೇ.

ಮೊದಲು ಅವನ ತಂದೆತಾಯಿಯ ಒಪ್ಪಿಗೆ ಪಡೆಯಿರಿ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸಾಕು. 18 ತುಂಬದವನು ಕಾನೂನಿನ ಕಣ್ಣಿಗೆ ಮಗುವೇ. ಆದ್ದರಿಂದ ನಾಲ್ಕು ಜನರ ಕಣ್ಣಿಗೆ ಬೀಳುವಲ್ಲಿ, ಅವನ ಮನೆಯ ಜಗಲಿಯಲ್ಲೋ ದೇವಾಲಯದ ಅಂಗಳದಲ್ಲೋ ಕುಳಿತುಕೊಳ್ಳಿ. ರಾತ್ರಿ ಹೊತ್ತು ಖಾಸಗಿ ಸಂದೇಶ ಬೇಡ. ನಿಮ್ಮ ಮೇಲೆ ಎಷ್ಟೇ ನಂಬಿಕೆಯಿದ್ದರೂ ಈ ನಿಯಮ ಸಡಿಲಿಸಬಾರದು.

ಭಾನುವಾರದ ಪ್ರಸಂಗ ಈಗಲೇ ಬೇಡ. ಮನೆಪ್ರಾರ್ಥನೆಯಲ್ಲಿ ಎಂಟು ನಿಮಿಷ ಕೊಡಿ. ಹತ್ತು ಹನ್ನೆರಡು ವಚನಗಳ ಭಾಗವೊಂದನ್ನು ಮೂರು ವಾರ ಮೊದಲೇ ಗೊತ್ತುಮಾಡಿ. ಮೊದಲ ವಾರ ಆ ಇಡೀ ಅಧ್ಯಾಯವನ್ನು ದಿನಾ ಓದಿ, ಯಾರು ಯಾರಿಗೆ ಯಾಕೆ ಹೇಳುತ್ತಿದ್ದಾರೆ ಎಂದು ಟಿಪ್ಪಣಿ ಮಾಡಲಿ. ಎರಡನೇ ವಾರ ಪೂರ್ತಿ ಬರೆಯಲಿ. ಮೂರನೇ ವಾರ ಗಡಿಯಾರ ಇಟ್ಟುಕೊಂಡು ನಿಮ್ಮೆದುರು ಓದಲಿ. ಮಾತುಗಾರ ಹುಡುಗರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಒಂದು ವಚನ ಓದಿ, ಅದನ್ನು ಅಲ್ಲೇ ಬಿಟ್ಟು, ಯೂಟ್ಯೂಬಿನಲ್ಲಿ ಕೇಳಿದ ಕಥೆಗೆ ಹಾರುತ್ತಾರೆ. ಪ್ರತಿ ಮಾತಿಗೂ "ಇದು ಯಾವ ವಚನದಲ್ಲಿದೆ, ತೋರಿಸಪ್ಪಾ" ಎಂದು ಕೇಳಿ. ತೋರಿಸಲಾಗದ್ದನ್ನು ಅವನೇ ಹೊಡೆದುಹಾಕಲಿ. ಇದಕ್ಕೆ ವಾಕ್ಚಾತುರ್ಯ ಬೇಕಿಲ್ಲ. ವರ್ಷಗಟ್ಟಲೆ ಸತ್ಯವೇದ ಓದಿದ ನಿಮ್ಮ ಕಣ್ಣು ಸಾಕು.

ಮಾತಾಡಿದ ದಿನವೇ ವಿಮರ್ಶೆ ಬೇಡ. ಎರಡು ದಿನ ಬಿಟ್ಟು, ಚೆನ್ನಾಗಿದ್ದ ಒಂದನ್ನೂ ತಿದ್ದಬೇಕಾದ ಒಂದನ್ನೂ ಹೇಳಿ. ಒಂದೇ ಸಲ ಐದು ತಪ್ಪು ಹೇಳಿದರೆ ಒಂದನ್ನೂ ತಿದ್ದಿಕೊಳ್ಳಲಾರ.

ಜೊತೆಗೆ ಚಪ್ಪಾಳೆ ಸಿಗದ ಕೆಲಸವೂ ಇರಲಿ: ಚಾಪೆ ಹಾಸುವುದು, ಕಾಯಿಲೆಯವರ ಮನೆಗೆ ನಿಮ್ಮೊಂದಿಗೆ ಬಂದು ಸುಮ್ಮನೆ ಕೂರುವುದು. ನಂಬಿಕೆಗೆ ಹೊಸಬನಾದವನಿಗೆ ಮೇಲ್ವಿಚಾರಣೆ ಕೊಟ್ಟರೆ ಉಬ್ಬಿಹೋದಾನು ಎಂದು ಅಪೊಸ್ತಲ ಪೌಲನು ಎಚ್ಚರಿಸಿದ್ದು ಇಂಥ ಅಪಾಯವನ್ನೇ (1 ತಿಮೊಥೆ 3:6). ಪ್ರಸಂಗಕ್ಕೆ ಓಡಿಬಂದು ಇಂಥದ್ದಕ್ಕೆ ಪದೇಪದೇ ತಪ್ಪಿಸಿಕೊಂಡರೆ ಪೀಠ ಇನ್ನಷ್ಟು ದಿನ ಕಾಯಲಿ.

ಹುಡುಗ ನಡುವೆ ಕೈಬಿಟ್ಟು ಹೋದರೂ ಹೋಗಬಹುದು. ಸುವಾರ್ತೆಯ ಪ್ರಯಾಣದಲ್ಲಿ ಜೊತೆಗಿದ್ದ ಮಾರ್ಕನು ಪಂಫುಲ್ಯ ಸೀಮೆಯಲ್ಲಿ ಪೌಲನನ್ನು ಬಿಟ್ಟುಹೋಗಿದ್ದ. ಪೌಲನ ಜೊತೆಗಾರ ಬಾರ್ನಬನು ಅವನನ್ನು ಮತ್ತೆ ಜೊತೆಗೆ ಕರೆದುಕೊಂಡ. ಮುಂದೆ ಅದೇ ಪೌಲನು ಮಾರ್ಕನನ್ನು ಕರೆತರಲು ಹೇಳಿ, ಸೇವೆಗೆ ಉಪಯುಕ್ತನೆಂದು ಬರೆದ (2 ತಿಮೊಥೆ 4:11).

ಇನ್ನು, ಬೇರೆ ಸಭೆಗಳಿಂದ ಕರೆ ಬರುತ್ತವೆ. "ಈಗ ಆಗುವುದಿಲ್ಲ" ಎನ್ನುವ ಮಾತನ್ನು ಅವನ ತಲೆಗೆ ಕಟ್ಟದೆ ನೀವೇ ಹೇಳಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ಎಲ್ಲ ಹೊಣೆ ಇಳಿಸಿ, ಓದಲು ಬಿಡಿ.